ಹಾಯಿ ಯಾವಾಗ ಅಂತ ಕೇಳುವವರ ಗಮನಕ್ಕೆ

ಇವತ್ತು ನಮ್ಮ ಕಾರವಾರದ ಕಾಜುಬಾಗದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆ ಚೆನ್ನಾಗಿದೆ, ಊಟ ಇನ್ನೂ ಚೆನ್ನಾಗಿತ್ತು. ನನ್ನ ತಕರಾರು ಇರುವುದು ಟಿವಿ ಪಕ್ಕದ ಗಾಜಿನ ಕಪಾಟಿನ ಬಗ್ಗೆ. ಅದರೊಳಗೆ ಒಂದು ಹಡಗು ಇಟ್ಟಿದ್ದರು. ಮೂರು ಕಂಬ, ಕಂಬದ ತುಂಬ ಹಾಯಿ, ತುದಿಯಲ್ಲಿ ಕೆಂಪು ಬಾವುಟ. "ಮುಖ ಒಳಗಡೆ ಇರಬೇಕಂತೆ, ಆಗ ದುಡ್ಡು ಒಳಗೆ ಬರ್ತದಂತೆ" ಅಂತ ಮನೆಯವರು ವಾಸ್ತು ವಿವರಿಸಿದರು. ಬರಲಿ, ಸಂತೋಷ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಹಾಯಿಗಳೆಲ್ಲ ಮುಂದಕ್ಕೆ ಉಬ್ಬಿವೆ. ಅಂದರೆ ಗಾಳಿ ಹಿಂದಿನಿಂದ ಬೀಸ್ತಾ ಇದೆ. ಬಾವುಟ ಮಾತ್ರ ಹಿಂದಕ್ಕೆ ಹಾರ್ತಿದೆ! ಒಂದೇ ಹಡಗಿಗೆ ಎರಡು ದಿಕ್ಕಿನ ಗಾಳಿ. ಹಿಂದಿನಿಂದ ಗಾಳಿ ಇದ್ದರೆ ಬಾವುಟವೂ ಮುಂದಕ್ಕೇ ಹಾರಬೇಕು ಅನ್ನೋದನ್ನು ಎಂಟನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ. ಇನ್ನು ಹಡಗಿನ ಹೊಟ್ಟೆ? ಒಂದು ಮರದ ತುಂಡಿನ ಎರಡೂ ತುದಿ ಚೂಪು ಮಾಡಿ, ಹಲಗೆ ಜೋಡಿಸಿದ ಹಾಗೆ ಕಾಣಲಿ ಅಂತ ಮೇಲೆ ಗೆರೆ ಗೀಚಿದ್ದಾರೆ. ಅಷ್ಟೇ.

ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ನಂಬಿ. ಅವರೇ ಶುರು ಮಾಡಿದರು.

"ಅಕ್ಕೋರೆ, ನೀವೂ ಇಂಥದ್ದೇ ಮಾಡ್ತಿದ್ದೀರಂತಲ್ಲ? ಹಾಯಿ ಹಾಕಿ ಆಯ್ತಾ?"

ಇಂಥದ್ದೇ! ಪಾಯಸ ಗಂಟಲಲ್ಲಿ ನಿಂತಿತು.

ರಿಟೈರ್ ಆದಮೇಲೆ ಮಗ ಬೆಂಗಳೂರಿನಿಂದ ಮರದ ಮಾದರಿ ಹಡಗು ಜೋಡಿಸುವ ಕಿಟ್ ಕಳಿಸಿದ್ದು, ಊಟದ ಟೇಬಲ್ ಅರ್ಧ ಹೋದದ್ದು, ನಮ್ಮವರು ಈಗ ಟೀಪಾಯಿ ಮೇಲೆ ಊಟ ಮಾಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅವತ್ತಿನಿಂದ ಮನೆಗೆ ಬಂದವರು ಯಾರೇ ಆಗಲಿ, ಗ್ಯಾಸ್ ಸಿಲಿಂಡರ್ ತಂದ ಹುಡುಗನಿಂದ ಹಿಡಿದು ಶಿರಸಿಯ ನಾದಿನಿವರೆಗೆ, ಕೇಳುವುದು ಒಂದೇ ಪ್ರಶ್ನೆ. ಹಾಯಿ ಎಲ್ಲಿ? ಹಾಯಿ ಯಾವಾಗ? ನಾದಿನಿಯಂತೂ ಫೋನಿನಲ್ಲಿ ಕ್ಷೇಮಸಮಾಚಾರಕ್ಕಿಂತ ಮೊದಲು ಇದನ್ನೇ ಕೇಳ್ತಾಳೆ. ಮದುವೆಯಾದ ಹುಡುಗಿಗೆ "ಏನೂ ವಿಶೇಷ ಇಲ್ವಾ" ಅಂತ ಕೇಳ್ತಾರಲ್ಲ, ಅದೇ ದನಿಯಲ್ಲಿ.

ಹೊಟ್ಟೆಯನ್ನು ಯಾರೂ ನೋಡುವುದಿಲ್ಲ ಸ್ವಾಮಿ. ಒಬ್ಬರೂ ಇಲ್ಲ.

ನಾನು ಮಾಡ್ತಿರುವುದು ಚಿಕ್ಕದು. ಒಂದೇ ಕಂಬದ ಕಟರ್. ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷರು ಕಳ್ಳಸಾಗಣೆಯವರನ್ನು ಅಟ್ಟಿಸಿಕೊಂಡು ಹೋಗಲು ಇಟ್ಟುಕೊಂಡಿದ್ದ ಓಟದ ಹಡಗು. (ಕಳ್ಳಸಾಗಣೆ ಅಂದರೆ ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ ಬಿಡಿ.) ಅಳತೆ 1:64, ಅಂದರೆ ನಿಜವಾದ ಹಡಗಿನ ಅರವತ್ತನಾಲ್ಕನೇ ಒಂದು ಪಾಲು. ಐದೂವರೆ ಅಡಿ ಆಳು ಇದರ ಮೇಲೆ ನಿಂತರೆ ಎರಡೂವರೆ ಸೆಂಟಿಮೀಟರ್ ಚಿಲ್ಲರೆ ಎತ್ತರ. ಮಗ ಮೊದಲು ತರಿಸಲು ಹೊರಟಿದ್ದು ವಿಕ್ಟರಿ ಹಡಗಿನ ಕಿಟ್. 1765ರಲ್ಲಿ ನೀರಿಗಿಳಿದ ಹಡಗು ಅದು, 1805ರ ಟ್ರಫಾಲ್ಗರ್ ಯುದ್ಧದಲ್ಲಿ ಇಂಗ್ಲಿಷ್ ನೌಕಾಪಡೆಯ ಮುಖ್ಯಸ್ಥ ನೆಲ್ಸನ್ ಇದ್ದದ್ದು ಅದರಲ್ಲೇ. 104 ಫಿರಂಗಿ. "ಅಷ್ಟು ಫಿರಂಗಿ ಜೋಡಿಸಿ ಮುಗಿಯುವ ಹೊತ್ತಿಗೆ ನನ್ನ ಶ್ರಾದ್ಧ ಬರ್ತದೆ ಮಾರಾಯ, ಚಿಕ್ಕದು ಕಳಿಸು" ಅಂದೆ. ಹೊಸದಾಗಿ ಈ ಹುಚ್ಚು ಹಿಡಿಸಿಕೊಳ್ಳುವವರಿಗೆ ಬಲ್ಲವರು ಹೇಳುವುದೂ ಇದನ್ನೇ. ಮೊದಲನೆಯದು ಒಂದು ಕಂಬದ್ದಿರಲಿ, ಫಿರಂಗಿ ಕಡಿಮೆ ಇರಲಿ.

ಈಗ ಹೊಟ್ಟೆಯ ವಿಷಯಕ್ಕೆ ಬರ್ತೇನೆ. ಕೇಳಲೇಬೇಕು ನೀವು.

ಪ್ಲೈವುಡ್‌ನ ಉದ್ದ ಬೆನ್ನೆಲುಬು ಒಂದು. ಅದಕ್ಕೆ ಅಡ್ಡಡ್ಡ ಸಿಕ್ಕಿಸುವ ಪಕ್ಕೆಲುಬುಗಳು. ಇಷ್ಟು ಒಂದು ಸಂಜೆಯ ಕೆಲಸ. ಆಮೇಲೆ ಸವೆಸುವುದು. ಮೂತಿ ಕಡೆಯ ಪಕ್ಕೆಲುಬುಗಳ ಮುಂದಿನ ಅಂಚನ್ನು, ಹಿಂಭಾಗದವುಗಳ ಹಿಂದಿನ ಅಂಚನ್ನು ಓರೆಯಾಗಿ ಉಜ್ಜಬೇಕು. ಯಾಕೆಂದರೆ ಹಲಗೆ ನೇರ ಹೋಗುವುದಿಲ್ಲ, ಬಾಗಿ ಹೋಗುತ್ತದೆ. ಅಂಚು ಚೌಕವಾಗಿಯೇ ಇದ್ದರೆ ಹಲಗೆ ಒಂದು ಮೂಲೆಗೆ ಮಾತ್ರ ತಾಗಿ ನಿಲ್ತದೆ, ಗೋಂದು ಹಿಡಿಯುವುದಿಲ್ಲ. ತೆಳ್ಳಗಿನ ಪಟ್ಟಿಯೊಂದನ್ನು ಮೂತಿಯಿಂದ ಬಾಲದವರೆಗೆ ಒತ್ತಿ ಹಿಡಿದು ನೋಡಬೇಕು. ಎಲ್ಲಿ ಸಂದು ಕಾಣ್ತದೆ, ಎಲ್ಲಿ ಉಬ್ಬು ಕಾಣ್ತದೆ. ಉಜ್ಜು, ನೋಡು. ಉಜ್ಜು, ನೋಡು. ಮನೆ ತುಂಬ ಪುಡಿ. ನಮ್ಮವರು ಮಾಸ್ಕ್ ಹಾಕಿಕೊಂಡು ಪೇಪರ್ ಓದುತ್ತಿದ್ದರು.

ಆಮೇಲೆ ಹಲಗೆ. ಇಲ್ಲಿದೆ ನೋಡಿ ಮಜಾ. ಹೊಟ್ಟೆಯ ನಡುಭಾಗದಲ್ಲಿ ಮೇಲಿನಿಂದ ಕೀಲ್‌ವರೆಗೆ (ಹಡಗಿನ ಅಡಿಯ ಉದ್ದ ದಿಮ್ಮಿ) ಅಳೆದರೆ 80 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಹಲಗೆಯ ಅಗಲ 5 ಮಿಲಿಮೀಟರ್. 16 ಹಲಗೆ ಬೇಕು. ಸರಿ. ಮೂತಿಯ ಹತ್ತಿರ ಅದೇ ಅಳತೆ 48ಕ್ಕೆ ಇಳಿಯುತ್ತದೆ. ಅಲ್ಲೂ ಅವೇ 16 ಹಲಗೆ ಕೂರಬೇಕು. ಅಂದರೆ ಪ್ರತಿಯೊಂದನ್ನೂ ಅಲ್ಲಿ 3 ಮಿಲಿಮೀಟರಿಗೆ ಕೆತ್ತಬೇಕು. ಚಕ್ಕೋತದ ತೊಳೆ ನಡುವೆ ದಪ್ಪ ಇದ್ದು ತುದಿಗೆ ಸಣ್ಣ ಆಗ್ತದಲ್ಲ, ಹಾಗೆ. ಕೆತ್ತದೆ ಹಾಗೇ ಅಂಟಿಸಲು ಹೋದರೆ ಮೂತಿಯಲ್ಲಿ ಹಲಗೆಗಳು ಒಂದರ ಮೇಲೊಂದು ಹತ್ತಿಕೊಂಡು ಕೂರುತ್ತವೆ. ಹಿಂಭಾಗದಲ್ಲಿ ಕೆಲವು ಕಡೆ ಇದರ ಉಲ್ಟಾ. ಅಲ್ಲಿ ಜಾಗ ಜಾಸ್ತಿ, ಹಲಗೆ ಸಾಲದು. ನಡುವೆ ಚೂಪು ತುಂಡು ಸೇರಿಸಬೇಕು. ಎಡಕ್ಕೆ ಒಂದು ಹಲಗೆ ಅಂಟಿಸಿದರೆ ಬಲಕ್ಕೂ ಒಂದು ಅಂಟಿಸಿಯೇ ಮುಂದೆ ಹೋಗಬೇಕು. ಒಂದೇ ಬದಿ ಮುಗಿಸಿಬಿಡೋಣ ಅಂತ ಹೊರಟರೆ ಬೆನ್ನೆಲುಬೇ ಆ ಕಡೆಗೆ ತಿರುಚಿಕೊಳ್ಳುತ್ತದೆ.

ಮೂತಿಯ ಬಾಗು ಬರಲು ಹಲಗೆಯನ್ನು ಬಿಸಿನೀರಲ್ಲಿ ನೆನೆಸಿ, ಹಳೆ ಇಸ್ತ್ರಿಪೆಟ್ಟಿಗೆಯ ಬಿಸಿಗೆ ಬಾಗಿಸಿ, ಬಟ್ಟೆ ಕ್ಲಿಪ್ ಹಾಕಿ ಒಣಗಲು ಬಿಡಬೇಕು. ಒದ್ದೆ ಇರುವಾಗಲೇ ಅಂಟಿಸಿದರೆ ಒಣಗಿದ ಮೇಲೆ ಅಡ್ಡಕ್ಕೆ ಕುಗ್ಗಿ ಸಂದು ಬಿಡ್ತದೆ. ಕಾರವಾರದ ಜುಲೈನಲ್ಲಿ ಒಣಗುವುದು ಅಂದರೆ ಏನು ಅಂತ ನಿಮಗೆ ಹೇಳಬೇಕಾ? ಇಲ್ಲಿ ಒಳಬಟ್ಟೆಯೇ ಒಣಗುವುದಿಲ್ಲ. ಒಂದೊಂದು ಜೊತೆ ಹಲಗೆಗೆ ಒಂದೊಂದು ದಿನ ಹೋಗ್ತದೆ.

ಇದೆಲ್ಲ ಆಗಿ, ಎರಡೂ ಬದಿ ಒಂದೇ ಸಮ ಬಂದು, ಕೈಯಾಡಿಸಿದರೆ ಎಲ್ಲೂ ತಡೆಯದೆ ಜಾರುವ ಹೊಟ್ಟೆಯನ್ನು ಹಿಡಿದು ಎದುರಿಗೆ ತೋರಿಸಿದರೆ, ಎದುರಿನವರು ಹಡಗನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಖಾಲಿ ಜಾಗ ನೋಡಿ, "ಹಾಯಿ?" ಅಂತಾರೆ.

ಸಿಟ್ಟು ಬರಲ್ವಾ?

ಸಮುದ್ರದ ದಂಡೆಯಲ್ಲಿ ಹುಟ್ಟಿ ಬೆಳೆದವರೂ ಹೀಗೆ ಕೇಳ್ತಾರಲ್ಲ, ಅದು ಇನ್ನೂ ಉರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರ್ತದೆ. ಆ ಸಮಯದಲ್ಲಿ ಬೈತಖೋಲ್ ಬಂದರಿನ ಕಡೆ ಹೋಗಿ ನೋಡಿ. ದಡಕ್ಕೆ ಎಳೆದ ಬೋಟುಗಳ ಹೊಟ್ಟೆ ಪೂರ್ತಿ ಕಾಣ್ತದೆ. ಮರದ ಬೋಟಾದರೆ ಹಲಗೆಯ ಸಂದಿಗೆ ಹತ್ತಿ ತುರುಕುತ್ತಾ ಕೂತವರಿರ್ತಾರೆ. ಉಳಿಯ ಬೆನ್ನಿಗೆ ಟಕ್ ಟಕ್ ಅಂತ ಸಣ್ಣ ಪೆಟ್ಟು. ಈಗ ಫೈಬರ್ ಜಾಸ್ತಿಯಾಗಿದೆ, ಆ ಸದ್ದು ಕಡಿಮೆ. ನಾನು ಈ ಮಳೆಗಾಲ ಛತ್ರಿ ಹಿಡಿದು ಅಲ್ಲೇ ನಿಂತಿರ್ತಿದ್ದೆ. ಹಲಗೆ ಮೂತಿಗೆ ಬರುವಾಗ ಹೇಗೆ ಸಣ್ಣ ಆಗ್ತದೆ ಅಂತ ನಾನು ಕಲಿತದ್ದು ಕಿಟ್ ಜೊತೆ ಬಂದ ಪುಸ್ತಕದಿಂದ ಅಲ್ಲ, ಅಲ್ಲಿಂದ. ಪುಸ್ತಕದಲ್ಲಿ ಬರೆದಿರುವುದು ಒಂದೇ ಸಾಲು: "ಅಗತ್ಯವಿದ್ದಲ್ಲಿ ಹಲಗೆಯನ್ನು ಸಣ್ಣ ಮಾಡಿಕೊಳ್ಳಿ." ಧನ್ಯವಾದ! ಅಲ್ಲಿದ್ದ ಹಿರಿಯರೊಬ್ಬರು ನನ್ನ ಫೋನಿನಲ್ಲಿದ್ದ ಫೋಟೋ ನೋಡಿ, ಮೂತಿಯ ಹತ್ತಿರ ಬೆರಳಿಟ್ಟು, "ಇಲ್ಲಿ ಎರಡನೇ ಹಲಗೆ ಇನ್ನೂ ಸ್ವಲ್ಪ ಕೆತ್ತಬೇಕು ಅಮ್ಮಾ" ಅಂದರು. ಹಾಯಿ ಕೇಳದ ಏಕೈಕ ಮನುಷ್ಯ.

ಕೌಂಡಿನ್ಯ ಹಡಗಿನ ಕಥೆಯೂ ಇದೇ. ನೆನಪಿದೆ ತಾನೇ? 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲೇ ನೌಕಾಪಡೆಗೆ ಸೇರಿದ್ದು. ಮೊಳೆ ಹೊಡೆದು ಜೋಡಿಸಿದ್ದಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಡಗು. ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಗಾರರು ಗೋವಾದಲ್ಲಿ ಕಟ್ಟಿದರು. ಹಳೆ ನಕ್ಷೆ ಅಂತ ಏನೂ ಇರಲಿಲ್ಲ, ಇದ್ದದ್ದು ಐದನೇ ಶತಮಾನದ ಅಜಂತಾ ಚಿತ್ರ. ಚಿತ್ರದಲ್ಲಿ ನೀರಿನ ಕೆಳಗಿನ ಹೊಟ್ಟೆ ಹೇಗೆ ಕಾಣಬೇಕು? ಆ ಆಕಾರ ನೀರಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಐಐಟಿ ಮದ್ರಾಸ್‌ನಲ್ಲಿ ಮಾದರಿ ಇಟ್ಟು ಪರೀಕ್ಷೆ ಮಾಡಿದರು. ಮಾದರಿ ಹಡಗು ಅಂದರೆ ಶೋಕೇಸಿಗೆ ಅಂದುಕೊಂಡವರು ಈ ಸಾಲನ್ನು ಎರಡು ಸಲ ಓದಿ. ಅದೇ ಹಡಗು ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಆಗ ನನ್ನ ವಾಟ್ಸಾಪ್‌ಗೆ ಬಂದ ಫೋಟೋಗಳಲ್ಲಿ ಏನಿತ್ತು ಹೇಳಿ? ಹಾಯಿ. ಹಾಯಿಯ ಮೇಲಿನ ಗಂಡಭೇರುಂಡ. ಹೌದು, ನಮ್ಮ ರಾಜ್ಯದ ಲಾಂಛನ, ಎದೆಯುಬ್ಬುತ್ತದೆ, ಇಲ್ಲ ಅನ್ನಲ್ಲ. ಆದರೆ ಆ ಹೊಲಿಗೆಯ ಫೋಟೋ ಒಬ್ಬರಾದರೂ ಕಳಿಸಿದರಾ? ನಾನೇ ಹುಡುಕಿ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಎರಡು ಹೆಬ್ಬೆರಳು ಬಂತು. ಒಂದು ನನ್ನ ಮಗನದ್ದು.

ಅಣ್ಣನ ಮಗನೊಬ್ಬ ಇದ್ದಾನೆ, ಇಂಜಿನಿಯರ್. ಅವನ ವಾದ ಬೇರೆ. "ಅತ್ತೆ, ಹಾಯಿಯೇ ಹಡಗಿನ ಇಂಜಿನ್. ಅದಿಲ್ಲದೆ ಹಡಗು ಹೋಗುವುದೇ ಇಲ್ಲ. ಜನ ಕೇಳುವುದರಲ್ಲಿ ತಪ್ಪೇನು? ಅಲ್ದೆ ಹೊಸಬರು ರೆಡಿ ಹೊಟ್ಟೆ ತಗೊಂಡು ಕಂಬ, ಹಗ್ಗ ಮಾತ್ರ ಕಟ್ಟಿದರೆ ಬೇಗ ಖುಷಿ ಸಿಗ್ತದೆ. ಹೊಟ್ಟೆ ಬೇಕಾದರೆ ನಾನೇ 3ಡಿ ಪ್ರಿಂಟರ್‌ನಲ್ಲಿ ಪ್ರಿಂಟ್ ಹಾಕಿ ಕೊಡ್ತೇನೆ."

ಪ್ರಿಂಟ್! ಪ್ರಶ್ನೆಪತ್ರಿಕೆಯಾ ಇದು?

ಸರಿ, ಹಾಯಿ ಇಂಜಿನ್ ಅಂತ ಒಪ್ಪಿದೆ. ಹಾಯಿ ಹರಿದರೆ ಹಡಗು ನಿಲ್ತದೆ. ಹೊಟ್ಟೆ ಕೆಟ್ಟರೆ? ಸ್ವೀಡನ್ನಿನ ವಾಸಾ ಹಡಗನ್ನು ಕೇಳಿ. ರಾಜ ಮುತುವರ್ಜಿಯಿಂದ ಕಟ್ಟಿಸಿದ ಹಡಗು, 64 ಫಿರಂಗಿ, ಮೈತುಂಬ ಬಣ್ಣ ಬಳಿದ ನೂರಾರು ಗೊಂಬೆ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಿಂದ ಮೊದಲ ಸಲ ಹೊರಟಿತು. ಹತ್ತು ಹಾಯಿಯಲ್ಲಿ ನಾಲ್ಕನ್ನು ಮಾತ್ರ ಬಿಚ್ಚಿದ್ದರು. ಒಂದೂ ಕಾಲು ಕಿಲೋಮೀಟರ್ ಚಿಲ್ಲರೆ ಹೋಗುವಷ್ಟರಲ್ಲಿ ಗಾಳಿಗೆ ವಾಲಿ ಮುಳುಗಿತು. ಮೇಲೆ ಭಾರ ಜಾಸ್ತಿ, ಕೆಳಗೆ ಹೊಟ್ಟೆ ಸಾಲದು. ಇನ್ನೊಂದು ಕಡೆ, ಮುಂಬೈಯಲ್ಲಿ ವಾಡಿಯಾ ಮನೆತನದವರು 1817ರಲ್ಲಿ ಸಾಗವಾನಿಯಲ್ಲಿ ಕಟ್ಟಿದ ಟ್ರಿಂಕೋಮಲಿ. ಅದು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿ ಅದನ್ನು ಉಳಿಸಿದ್ದು ಹಾಯಿಬಟ್ಟೆಯಲ್ಲ.

ಇನ್ನೂ ಒಂದು ಮಾತು ಅವನಿಗೆ ಹೇಳುವುದು ಬಾಕಿ ಇದೆ, ಇಲ್ಲೇ ಓದಿಕೊಳ್ಳಲಿ. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ನೌಕಾಪಡೆಗಾಗಿ ಮಾಡುತ್ತಿದ್ದ ಮಾದರಿಗಳಿವೆ, ಗ್ರೀನಿಚ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಅಳತೆ ಸಾಮಾನ್ಯವಾಗಿ 1:48. ಅವುಗಳಲ್ಲಿ ಎಷ್ಟೋ ಮಾದರಿಗಳಿಗೆ ಹಾಯಿ ಹೋಗಲಿ, ಕಂಬವೇ ಇಲ್ಲ. ನೀರಿನ ಕೆಳಗಿನ ಭಾಗಕ್ಕೆ ಹಲಗೆಯನ್ನೂ ಹಾಕಿಲ್ಲ, ಪಕ್ಕೆಲುಬು ಕಾಣಲಿ ಅಂತ ಬೇಕೆಂತಲೇ ಬಿಟ್ಟಿದ್ದಾರೆ. ಮಾದರಿ ಹಡಗಿನ ಕೆಲಸದಲ್ಲಿ ಅವಕ್ಕಿಂತ ಮೇಲೆ ಇಲ್ಲ ಅಂತಾರೆ. ಪುಣ್ಯ, ಅವರ ಕಾಲದಲ್ಲಿ ನಮ್ಮ ನಾದಿನಿ ಇರಲಿಲ್ಲ.

ಇಷ್ಟೆಲ್ಲ ಹೇಳುವ ನಾನು ಸಮುದ್ರದ ದೊಡ್ಡ ಅಭಿಮಾನಿ ಅಂದುಕೊಳ್ಳಬೇಡಿ. ದೋಣಿ ಹತ್ತಿದರೆ ನನಗೆ ವಾಂತಿ. ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗುವಾಗ ನರಸಿಂಹ ದೇವರ ಹೆಸರಿಗಿಂತ ಜಾಸ್ತಿ ಸಲ ಅಮ್ಮನ ಹೆಸರು ಹೇಳಿದ್ದೇನೆ. ನನ್ನ ಹುಚ್ಚು ಪೂರ್ತಿ ನೆಲದ ಮೇಲಿನದು. ನಿಜ ಹೇಳಬೇಕೆಂದರೆ ರಿಟೈರ್ ಆದಮೇಲೆ ನನಗೆ ತಿದ್ದಲು ಏನೂ ಇರಲಿಲ್ಲ. ನೋಟ್‌ಬುಕ್ ಇಲ್ಲ, ಉತ್ತರಪತ್ರಿಕೆ ಇಲ್ಲ. ಮನೆಯವರನ್ನು ತಿದ್ದಲು ಹೋಗಿ ಮನೆಯಲ್ಲಿ ಶಾಂತಿ ಇರಲಿಲ್ಲ. ಈಗ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದದ್ದನ್ನು ರಾತ್ರಿ ಹತ್ತರವರೆಗೆ ತಿದ್ದುತ್ತೇನೆ, ಯಾರಿಗೂ ಬೇಜಾರಿಲ್ಲ. ನೆಂಟರು ಬರ್ತಾರೆ ಅಂತ ಗೊತ್ತಾದರೆ ಹಡಗಿನ ಮೇಲೆ ನಮ್ಮವರ ಹಳೆ ಪಂಚೆ ಮುಚ್ಚಿಡುತ್ತೇನೆ. ಮೊನ್ನೆ ಒಬ್ಬರು ಪಂಚೆ ಎತ್ತಿ ನೋಡಿ, "ಓ, ಇದೇ ಹಾಯಿಯಾ?" ಅಂದರು.

ಹಾಗಾಗಿ ಈಗಲೇ ಹೇಳಿಬಿಡ್ತೇನೆ. ಈ ಹಡಗಿಗೆ ನಾನು ಹಾಯಿ ಹಾಕುವುದಿಲ್ಲ. ಕಂಬ ನಿಲ್ಲಿಸ್ತೇನೆ, ಹಗ್ಗ ಕಟ್ಟುತ್ತೇನೆ, ಅಷ್ಟಕ್ಕೇ ನಿಲ್ಲಿಸ್ತೇನೆ. ಕಿಟ್ ಪೆಟ್ಟಿಗೆಯಲ್ಲಿದ್ದ ಹಾಯಿಬಟ್ಟೆಯನ್ನು ಟೇಬಲ್ ಒರೆಸಲು ತೆಗೆದುಕೊಂಡಿದ್ದೇನೆ, ಒಳ್ಳೆ ಹತ್ತಿಬಟ್ಟೆ. ಗೃಹಪ್ರವೇಶದ ಮನೆಯವರು ಇದನ್ನು ಓದ್ತಿದ್ದರೆ, ಹಡಗಿನ ಮುಖ ಹೇಗೆ ಬೇಕಾದರೂ ತಿರುಗಿಸಿ ಇಟ್ಟುಕೊಳ್ಳಿ, ಬಾವುಟ ಮಾತ್ರ ಕಿತ್ತು ತಿರುಗಿಸಿ ಅಂಟಿಸಿ. ಫೆವಿಕಾಲ್ ನನ್ನ ಹತ್ತಿರ ಇದೆ.

ನೋಡಲು ಬರುವವರು ಸಂಜೆ ಐದರ ಮೇಲೆ ಬನ್ನಿ. ಮರದ ಬಟ್ಟೆ ಕ್ಲಿಪ್ ಹಳೆಯದು ಇದ್ದರೆ ತನ್ನಿ. ಪ್ಲಾಸ್ಟಿಕ್ ಬೇಡ, ಹಿಡಿಯುವುದಿಲ್ಲ. ಹೊಟ್ಟೆಗೆ ಮೇಲಿನಿಂದ ಇನ್ನೊಂದು ಪದರ ಹಲಗೆ ಬಾಕಿ ಇದೆ. ಬಂದು ಹಾಯಿ ಕೇಳಿದವರಿಗೆ ಚಹಾ ಸಿಗಲ್ಲ, ಸ್ಯಾಂಡ್ ಪೇಪರ್ ಸಿಗ್ತದೆ.