ನಮ್ಮೂರಿನ ಪುಷ್ಪಕ್ ನಮ್ಮೂರಿಗೂ ಕಾಣಲಿ

"ಚಿತ್ರದುರ್ಗದವರೇ? ಹಾಗಾದರೆ ಪುಷ್ಪಕ್ ಇಳಿಯುವುದನ್ನು ಕಣ್ಣಾರೆ ಕಂಡಿರಬೇಕು!" ಒಕ್ಲಹೋಮಾದಿಂದ ಬಂದಿದ್ದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಹೀಗೆ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಅಂದು 2024ರ ಅಕ್ಟೋಬರ್ 13. ಟೆಕ್ಸಸ್‌ನ ದಕ್ಷಿಣ ತುದಿಯ ಸೌತ್ ಪಾಡ್ರೆ ದ್ವೀಪದಲ್ಲಿ, ಸ್ಪೇಸ್‌ಎಕ್ಸ್ ಕಂಪನಿಯ ದೈತ್ಯ ರಾಕೆಟ್ ಆದ ಸ್ಟಾರ್‌ಶಿಪ್‌ನ ಐದನೆಯ ಪರೀಕ್ಷಾ ಹಾರಾಟ ನೋಡಲು ಕತ್ತಲಿರುವಾಗಲೇ ಜಾಗ ಹಿಡಿದು ಕುಳಿತಿದ್ದೆವು.

ನನ್ನ ಊರು ಚಳ್ಳಕೆರೆ. ಇಸ್ರೊದ ರೆಕ್ಕೆಯುಳ್ಳ ಮರುಬಳಕೆಯ ವಾಹನ ಪುಷ್ಪಕ್ ಅಲ್ಲಿನ ರನ್‌ವೇ ಮೇಲೆ ಅಷ್ಟರಲ್ಲಿ ಮೂರು ಬಾರಿ ತಾನೇ ದಾರಿ ಹುಡುಕಿಕೊಂಡು ಇಳಿದಿತ್ತು. ಮೊದಲ ಬಾರಿ, 2023ರ ಏಪ್ರಿಲ್ 2ರಂದು, ವಾಯುಪಡೆಯ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಊರಿನಲ್ಲೇ ಇರುವ ನನ್ನ ಅಣ್ಣನಿಗೆ ಆ ಸುದ್ದಿ ತಿಳಿದದ್ದು ಮರುದಿನದ ಪತ್ರಿಕೆಯಿಂದ. ಒಕ್ಲಹೋಮಾದ ಶಿಕ್ಷಕಿಗೆ ಗೊತ್ತಿರುವಷ್ಟು ಚಳ್ಳಕೆರೆಯವರಿಗೆ ಗೊತ್ತಿಲ್ಲವೆಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಟೆಕ್ಸಸ್‌ನ ಪರಿಯೇ ಬೇರೆ. ದ್ವೀಪದ ಸಮೀಪದ ಬೋಕಾ ಚಿಕಾದಲ್ಲಿರುವ ಸ್ಪೇಸ್‌ಎಕ್ಸ್ ರಾಕೆಟ್ ಕಾರ್ಖಾನೆಯ ಪಕ್ಕದಲ್ಲೇ ಸಾರ್ವಜನಿಕ ಹೆದ್ದಾರಿ ಹಾದುಹೋಗುತ್ತದೆ. ಹವ್ಯಾಸಿಗಳ ಕ್ಯಾಮೆರಾಗಳು ಹಗಲೂ ರಾತ್ರಿಯೂ ಅತ್ತಲೇ ನೋಡುತ್ತಿರುತ್ತವೆ. ಯಾವ ಬೂಸ್ಟರ್ (ರಾಕೆಟ್ಟಿನ ಕೆಳಹಂತ) ಹೊರಗೆ ಬಂತು, ಯಾವ ಎಂಜಿನ್ ಬದಲಾಯಿತು, ಯಾವ ಟ್ಯಾಂಕ್ ಒತ್ತಡ ತಾಳದೆ ಒಡೆಯಿತು ಎಂಬುದೆಲ್ಲ ಅವರಿಗೆ ಬಾಯಿಪಾಠ. 2023ರ ಏಪ್ರಿಲ್ 20ರಂದು ಮೊದಲ ಸ್ಟಾರ್‌ಶಿಪ್ ನಾಲ್ಕೇ ನಿಮಿಷಗಳಲ್ಲಿ ಕೊಲ್ಲಿಯ ಮೇಲೆ ಸ್ಫೋಟಿಸಿದಾಗ, ಕಂಪನಿಯ ನೌಕರರೇ ಚಪ್ಪಾಳೆ ತಟ್ಟಿದ್ದು ನೇರ ಪ್ರಸಾರದಲ್ಲಿ ಎಲ್ಲರಿಗೂ ಕಂಡಿತು. ಸೋಲನ್ನು ನೋಡಿದ್ದ ಆ ಜನರೇ, ನಾನು ಕುಳಿತಿದ್ದ ಆ ಬೆಳಿಗ್ಗೆ, ಎಪ್ಪತ್ತು ಮೀಟರ್ ಉದ್ದದ ಬೂಸ್ಟರ್ ಮರಳಿ ಬಂದು ಗೋಪುರದ ಎರಡು ತೋಳುಗಳ ನಡುವೆ ನಿಂತಾಗ ಅತ್ತುಬಿಟ್ಟರು. ಗೆಲುವಿನ ದಿನ ಮಾತ್ರ ಬಂದವರಿಗೆ ಆ ಅಳು ಬರುವುದಿಲ್ಲ.

ಇದು ನಮಗೆ ಹೊಸತೂ ಅಲ್ಲ. ನಾಯಕನಹಟ್ಟಿಯ ತೇರಿನ ಅಚ್ಚು, ಗಾಲಿ, ಹಗ್ಗಗಳನ್ನು ಎಳೆಯುವ ದಿನಕ್ಕೆ ಎಷ್ಟೋ ಮುಂಚೆಯೇ ಊರು ನೋಡಿರುತ್ತದೆ, ನೋಡಿ ಸಲಹೆಯನ್ನೂ ಕೊಟ್ಟಿರುತ್ತದೆ. ಅಂಥ ಊರಿನ ಪಕ್ಕದಲ್ಲೇ ಬಾಹ್ಯಾಕಾಶದ ತೇರು ಮಾತ್ರ ಏಕೆ ಮುಸುಕು ಹೊದ್ದಿರಬೇಕು?

ನಮ್ಮಲ್ಲಿ ಗೆಲುವನ್ನು ತೋರಿಸುತ್ತೇವೆ, ಸೋಲನ್ನು ಸವರಿಬಿಡುತ್ತೇವೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದ ಎರಡೇ ವಾರಗಳಲ್ಲಿ, ಇಸ್ರೊ ಅಧ್ಯಕ್ಷರು ಯೋಜನೆಯನ್ನು ಶೇಕಡಾ 98ರಷ್ಟು ಯಶಸ್ವಿ ಎಂದರು. ಕೊನೆಗೆ ಅದರ ಚೂರುಗಳತ್ತ ಮೊದಲು ಬೆರಳು ತೋರಿಸಿದವರು ಚೆನ್ನೈನ ಹವ್ಯಾಸಿ ಷಣ್ಮುಗ ಸುಬ್ರಮಣಿಯನ್. ನಾಸಾ ಎಲ್ಲರಿಗೂ ತೆರೆದಿಟ್ಟಿದ್ದ ಚಿತ್ರಗಳನ್ನು ಜಾಲಾಡಿ ಅವರು ಅದನ್ನು ಪತ್ತೆಹಚ್ಚಿದರು, ನಾಸಾ ಅವರ ಹೆಸರನ್ನೇ ಹೇಳಿ ಮನ್ನಣೆ ಕೊಟ್ಟಿತು. ಕಣ್ಣು ನಮ್ಮವರದು, ಕಿಟಕಿ ಬೇರೆಯವರದು!

ಇಸ್ರೊ ಖರ್ಚು ಮಾಡುವುದು ತೆರಿಗೆಯ ಹಣ, ಒಂದು ರಾಕೆಟ್ ಬಿದ್ದರೆ ಸಂಸತ್ತಿನಲ್ಲಿ ಉತ್ತರಿಸಬೇಕು ಎನ್ನುವುದನ್ನು ಒಪ್ಪುತ್ತೇನೆ. ಸಾಲುಸಾಲಾಗಿ ರಾಕೆಟ್‌ಗಳನ್ನು ಸುಟ್ಟು ಕಲಿಯುವ ಅನುಕೂಲ ಅದಕ್ಕಿಲ್ಲ. ಶ್ರೀಹರಿಕೋಟಾದಲ್ಲಿ 2019ರಿಂದ ಜನರಿಗಾಗಿ ವೀಕ್ಷಣಾ ಗ್ಯಾಲರಿಯೂ ಇದೆ. ಇನ್ನು ಟೆಕ್ಸಸ್‌ನ ಈ ಸಂಭ್ರಮಕ್ಕೆ ಬೆಲೆ ತೆತ್ತವರು ನಮ್ಮಂತೆ ದೂರದಿಂದ ಬಂದು ಹೋಗುವವರಲ್ಲ. ಬೋಕಾ ಚಿಕಾ ಹಳ್ಳಿಯ ಹೆಚ್ಚಿನವರು ಮನೆ ಮಾರಿ ಹೋದರು. ಬ್ರೌನ್ಸ್‌ವಿಲ್‌ನ ಜನ ಮಕ್ಕಳೊಂದಿಗೆ ಹೋಗುತ್ತಿದ್ದ ಕಡಲತೀರ ಈಗ ಪರೀಕ್ಷೆಯ ದಿನಗಳಲ್ಲಿ ಮುಚ್ಚಿರುತ್ತದೆ. ಮೊದಲ ಹಾರಾಟದಲ್ಲಿ ಉಡಾವಣಾ ಕಟ್ಟೆಯ ಕಾಂಕ್ರೀಟ್ ಸಿಡಿದು, ಎದ್ದ ಧೂಳು ಪೋರ್ಟ್ ಇಸಬೆಲ್ ಪಟ್ಟಣದವರೆಗೂ ಹೋಗಿ ಬಿತ್ತು.

ಚಳ್ಳಕೆರೆಯ ಕಥೆಯೂ ಇದಕ್ಕಿಂತ ಬಹಳ ದೂರವೇನಿಲ್ಲ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗೆ ಬೇಲಿ ಬಿದ್ದಾಗ ಹುಲ್ಲು ಕಳೆದುಕೊಂಡದ್ದು ನಮ್ಮ ಸುತ್ತಲಿನ ಕುರಿಗಾಹಿಗಳು. ಅದು ರಕ್ಷಣಾ ಸಂಶೋಧನೆಯ ಜಾಗ, ಒಳಗೆ ಬಿಡಲಾಗದು ಎನ್ನುವುದೂ ಸರಿಯೇ. ಆದರೆ ಅಷ್ಟು ಎತ್ತರದಿಂದ ಇಳಿದು ಬರುವುದನ್ನು ನೋಡಲು ಬೇಲಿಯ ಹೊರಗಿನ ಬಯಲು ಸಾಕು. ಕಕ್ಷೆಯಿಂದ ಮರಳಿ ಬಂದು ರನ್‌ವೇ ಮೇಲೆ ಇಳಿಯುವ ಪರೀಕ್ಷೆ ಇಸ್ರೊದ ಮುಂದಿನ ಯೋಜನೆಯಲ್ಲಿದೆ. ಅದು ಚಳ್ಳಕೆರೆಯಲ್ಲೇ ನಡೆದರೆ, ದಿನವನ್ನು ಮೊದಲೇ ತಿಳಿಸಿ, ಸುತ್ತಲಿನ ಶಾಲೆಗಳಿಗೆ ಅರ್ಧ ದಿನ ರಜೆ ಕೊಟ್ಟು ಮಕ್ಕಳನ್ನು ಆ ಬಯಲಿಗೆ ಕರೆತರಲಿ. ವಾಹನ ರನ್‌ವೇ ತಪ್ಪಿದರೂ ಮಕ್ಕಳು ನೋಡಲಿ, ಏಕೆ ತಪ್ಪಿತೆಂದು ಸಂಜೆಯೊಳಗೆ ಯಾರಾದರೂ ಅವರಿಗೆ ಕನ್ನಡದಲ್ಲಿ ಹೇಳಲಿ.