ಅರ್ಧ ನವಿಲು

ಚಿತ್ರಕಲಾ ಮೇಷ್ಟ್ರಾಗಿ ನಿವೃತ್ತನಾದವನು ಜಗುಲಿಯಲ್ಲಿ ಪೇಪರ್ ಓದಿಕೊಂಡಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. 1942ರಲ್ಲಿ ಪಿಕಾಸೊ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ್ದನ್ನು 30 ವರ್ಷ ಮಕ್ಕಳಿಗೆ ಹೇಳಿ ಹೇಳಿ, ಕೊನೆಗೆ ಆ ಹುಚ್ಚು ನನಗೇ ಹಿಡಿಯಿತು. ಗುಜರಿ ಅಂಗಡಿಯಿಂದ ಡೀಸೆಲ್ ಎಂಜಿನ್ನಿನ ಹಳೆಯ ಚಕ್ರ, ಪವರ್ ಟಿಲ್ಲರಿನ ಹಿಡಿ, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ರೋಟಾವೇಟರಿನ 36 ಬ್ಲೇಡುಗಳನ್ನು ತೂಕ ಹಾಕಿಸಿ ತಂದೆ. ಚಕ್ರ ಹೊಟ್ಟೆ, ಹಿಡಿ ಕತ್ತು, ಬ್ಲೇಡು ಗರಿ. ನವಿಲು ಮನಸ್ಸಿನಲ್ಲಿ ಆಗಲೇ ಕುಣಿಯುತ್ತಿತ್ತು.

ಮೊದಲ ದಿನವೇ ಮುಖವಾಡ ಸರಿಸಿ ಬೆಸುಗೆಯ ಕಿಡಿಯನ್ನು ಇಣುಕಿದೆ. ನಡುರಾತ್ರಿ ಕಣ್ಣಿಗೆ ಮರಳು ತುಂಬಿದಂತಾಗಿ ಎದ್ದು ಕೂತೆ. “ಕಣ್ಣೀರು ಬರುವಷ್ಟು ಚೆನ್ನಾಗಿ ಬಂದಿದೆಯೇ?” ಎಂದಳು ಹೆಂಡತಿ.

ಕಣ್ಣು ಸರಿಹೋದ ಮೇಲೆ ಕತ್ತು ಅಂಟಿಸಿ ಕಾಫಿಗೆ ಒಳಗೆ ಹೋದರೆ, ಅಂಗಳದಿಂದ ‘ಟಣ್’ ಎಂಬ ಸದ್ದು. ಕತ್ತು ನೆಲದ ಮೇಲಿತ್ತು. “ಚಕ್ರ ಬೀಡು ಕಬ್ಬಿಣದ್ದು ಮೇಷ್ಟ್ರೇ. ಕಾಯಿಸದೆ ಮಾಮೂಲಿ ರಾಡಿನಲ್ಲಿ ಹಿಡಿದರೆ ಆರುವಾಗ ಸೀಳುತ್ತದೆ. ನಿಕ್ಕಲ್ ರಾಡು ಬೇಕು” ಎಂದ ವೆಲ್ಡಿಂಗ್ ಅಂಗಡಿಯ ಹುಡುಗ ಅದರ ದರವನ್ನೂ ಹೇಳಿದ. ದರ ಕೇಳಿ ಬೆಸುಗೆಯನ್ನೇ ಬಿಟ್ಟೆ. ಚಕ್ರಕ್ಕೆ ತೂತು ಕೊರೆಸಿ ಎಲ್ಲವನ್ನೂ ನಟ್ಟು ಬೋಲ್ಟಿನಲ್ಲಿ ಬಿಗಿದೆ. ಬ್ಲೇಡುಗಳಿಗಂತೂ ತೂತು ಮೊದಲೇ ಇದ್ದವು. ಕುತ್ತು ಬಂದಿದ್ದೇ ಅಲ್ಲಿ.

ಮಳೆ ಬಿದ್ದ ಮೂರನೆಯ ದಿನ ಪಕ್ಕದ ಹೊಲದ ಗೌಡರು ಬಂದು ನವಿಲಿನ ಮುಂದೆ ಬಹಳ ಹೊತ್ತು ನಿಂತರು. ಬಗ್ಗಿ ನೋಡಿದರು, ಗರಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ನಾನು ಉಬ್ಬಿಹೋಗಿ ಪಿಕಾಸೊನ ಕತೆ ಶುರುಮಾಡಿದೆ. ಪಾಪ, ಪೂರ್ತಿ ಕೇಳಿದರು.

“ಮೇಷ್ಟ್ರೇ, ಇದರಲ್ಲಿ ಬಲಗಡೆಯವು ಇನ್ನೂ ವಾಸಿ. ಕಲ್ಲಿಗೆ ಸಿಕ್ಕಿ ನನ್ನವು ಆರು ಮುರಿದಿವೆ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಹದ ತಪ್ಪುತ್ತದೆ.”

ರೋಟಾವೇಟರಿನಲ್ಲಿ ಎಡಕ್ಕೆ ಬಾಗಿದ ಬ್ಲೇಡು ಬೇರೆ, ಬಲಕ್ಕೆ ಬಾಗಿದ್ದು ಬೇರೆ. ಹಾಗೆಂದೇ ಎರಡು ಬದಿಗೂ ಹಂಚಿ ಸಮತೂಕ ಸಾಧಿಸಿದ್ದೆ. ಆದರೆ ಹದದ ಮುಂದೆ ಸಮತೂಕದ ಮಾತೆತ್ತಲು ಬಾಯಿ ಬರಲಿಲ್ಲ. ಸ್ಪ್ಯಾನರನ್ನು ನಾನೇ ತಂದುಕೊಟ್ಟೆ.

ಸುದ್ದಿ ಹಬ್ಬಿತು. ವಾರದೊಳಗೆ ಬಲಬದಿ ಬೋಳಾಯಿತು. ನವಿಲು ಎಡಕ್ಕೆ ವಾಲಿದ್ದರಿಂದ ಒಂದು ಸೈಜುಗಲ್ಲಿನ ಆಸರೆ ಕೊಟ್ಟಿದ್ದೇನೆ. ನಿನ್ನೆ ಗೌಡರು ಮನೆಯ ಮುಂದೆ ಟ್ರ್ಯಾಕ್ಟರ್ ನಿಧಾನಿಸಿ ಕೂಗಿದರು:

“ಮೇಷ್ಟ್ರೇ, ಎಡಗಡೆಯವನ್ನು ಯಾರಿಗೂ ಕೊಡಬೇಡಿ!”