ಚಾರ್ಟ್ ಮಾಡೋಕೆ ಮುಂಚೆ ಅದನ್ನ ಬಳಸೋರ ಪಕ್ಕ ಕೂತು ನೋಡಿ

ಮೂರು ವಾರ ಕೂತು ಮಾಡಿದ ಚಾರ್ಟನ್ನ ಯಾರೂ ನೋಡ್ತಾನೇ ಇಲ್ಲ ಅಂತ ಗೊತ್ತಾದ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ, ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ, ರಿಪೋರ್ಟು ಡ್ಯಾಶ್‌ಬೋರ್ಡು ಅಂತ ಕೆಲಸ ಮಾಡೋರು ದಯವಿಟ್ಟು ಪೂರ್ತಿ ಓದಿ.

ನಾನು ಪವರ್ ಬಿಐ, ಅಂದ್ರೆ ಡೇಟಾನ ಚಾರ್ಟು ಟೇಬಲ್ ಮಾಡಿ ತೋರಿಸೋ ಮೈಕ್ರೋಸಾಫ್ಟ್ ಸಾಫ್ಟ್‌ವೇರಲ್ಲಿ, ರಿಪೋರ್ಟ್ ಮಾಡೋ ಕೆಲಸದಲ್ಲಿ ಇರೋದು. ಡಿಸ್ಪ್ಯಾಚ್ ಟೀಮಿಗೆ ಒಂದು ರಿಪೋರ್ಟ್ ಬೇಕಿತ್ತು, ಆರ್ಡರ್‌ಗಳು ಹೇಳಿದ ದಿನಕ್ಕೆ ಹೋಗ್ತಿದಾವಾ ಇಲ್ವಾ ಅಂತ ತಿಳ್ಕೊಳ್ಳೋಕೆ. ಮೀಟಿಂಗಲ್ಲಿ ದೊಡ್ಡೋರು "ಏನಾದ್ರೂ ಡಿಫರೆಂಟಾಗಿ ಮಾಡಿ, ಅದೇ ಬಾರ್ ಚಾರ್ಟ್ ನೋಡಿ ನೋಡಿ ಸಾಕಾಗಿದೆ" ಅಂದ್ರು. ಸರಿ ಅಂತ ನಾನು ಡಿ3 ಅನ್ನೋ ಚಾರ್ಟ್ ಬರೆಯೋ ಕೋಡ್ ಲೈಬ್ರರಿ ಹಿಡ್ಕೊಂಡು ಟೈಪ್‌ಸ್ಕ್ರಿಪ್ಟ್ ಭಾಷೇಲಿ ಕೋಡ್ ಬರೆದು ಗಡಿಯಾರದ ಥರ ದುಂಡಗಿರೋ ಕಸ್ಟಮ್ ವಿಶುವಲ್ ಒಂದನ್ನ, ಅಂದ್ರೆ ಪವರ್ ಬಿಐಲಿ ಇಲ್ಲದ ನಮ್ಮದೇ ಚಾರ್ಟನ್ನ, ಮಾಡಿದೆ, ತಿಂಗಳಿಗೊಂದು ಹೋಳು, ಒಂದೊಂದು ಹೋಳಲ್ಲಿ ಬಣ್ಣಬಣ್ಣದ ಪದರ, ಮೌಸ್ ಇಟ್ರೆ ಅರಳ್ಕೊಳ್ಳೋದು. ಡೆಮೋ ದಿನ ಎಲ್ರೂ ಚಪ್ಪಾಳೆ ತಟ್ಟಿದ್ರು. ಎರಡು ತಿಂಗಳಾದ್ಮೇಲೆ ಯೂಸೇಜ್ ಮೆಟ್ರಿಕ್ಸ್ (ಯಾವ ಪೇಜನ್ನ ಯಾರು ನೋಡ್ತಿದಾರೆ ಅನ್ನೋ ಲೆಕ್ಕ) ತೆಗೆದು ನೋಡ್ತೀನಿ, ಆ ಪೇಜಿಗೆ ಬರ್ತಿರೋದು ಒಬ್ರೇ ಒಬ್ರು. ಡಿಸ್ಪ್ಯಾಚ್ ನೋಡ್ಕೊಳ್ಳೋ ಮೇಡಂ. ಖುಷಿಯಾಗಿ ಹೋಗಿ ಕೇಳಿದ್ರೆ "ಅದರ ಕೆಳಗಡೆ ಟೇಬಲ್ ಇದೆಯಲ್ಲ, ಅದನ್ನ ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡ್ಕೊಳ್ಳೋಕೆ ಬರ್ತೀನಿ" ಅಂದ್ರು.

ಬೇಜಾರಾಯ್ತು. ಆದ್ರೂ, ಎಕ್ಸ್‌ಪೋರ್ಟ್ ಮಾಡ್ಕೊಂಡು ಏನು ಮಾಡ್ತೀರಾ ತೋರಿಸಿ ಮೇಡಂ ಅಂತ ಅವರ ಪಕ್ಕದಲ್ಲೇ ಕುರ್ಚಿ ಎಳ್ಕೊಂಡು ಕೂತೆ.

ಅವರು ಪ್ರಿಂಟ್ ತೆಗೆದ್ರು. ಆರ್ಡರ್ ನಂಬರ್‌ಗಳ ಬಲಗಡೆ ಖಾಲಿ ಜಾಗ ಇರೋ ಹಾಗೆ ಮೊದ್ಲೇ ಕಾಲಂ ಸರಿಮಾಡಿ ಇಟ್ಕೊಂಡಿದ್ರು. ಸ್ಕೇಲ್ ಇಟ್ಟು ಆ ಜಾಗದ ಮಧ್ಯೆ ಪೆನ್ಸಿಲಲ್ಲಿ ಮೇಲಿಂದ ಕೆಳಗೆ ಒಂದು ಗೆರೆ ಎಳೆದ್ರು. "ಇದು ನಾವು ಮಾತು ಕೊಟ್ಟ ದಿನ" ಅಂದ್ರು. ಆಮೇಲೆ ಒಂದೊಂದು ಆರ್ಡರ್‌ಗೂ ಒಂದೊಂದು ಚುಕ್ಕೆ, ಬೇಗ ಹೋಗಿದ್ರೆ ಗೆರೆಯ ಎಡಕ್ಕೆ, ತಡ ಆಗಿದ್ರೆ ಬಲಕ್ಕೆ, ಎಷ್ಟು ದಿನ ತಡವೋ ಅಷ್ಟು ದೂರ. ತೀರಾ ದೂರ ಹೋದ ಚುಕ್ಕೆಗೆ ಸುತ್ತ ಒಂದು ಸೊನ್ನೆ. "ಇದನ್ನ ನೋಡಿದ್ರೆ ಇವತ್ತು ಯಾರಿಗೆ ಫೋನ್ ಮಾಡ್ಬೇಕು ಅಂತ ಗೊತ್ತಾಗತ್ತೆ, ನಂಗೆ ಬೇಕಿರೋದು ಅಷ್ಟೇ."

ನಾನು ಮಾಡ್ಬೇಕಿದ್ದ ಚಾರ್ಟು ಅಲ್ಲೇ ಇತ್ತು, ಆ ಹಾಳೆ ಮೇಲೆ, ನಾನು ಕೋಡ್ ಶುರು ಮಾಡೋಕೆ ಮುಂಚಿನಿಂದಾನೂ ಇತ್ತು.

ಕಸ್ಟಮ್ ಅನ್ನೋ ಪದಾನ ನಾವೆಲ್ಲ ತಪ್ಪಾಗಿ ಅರ್ಥ ಮಾಡ್ಕೊಂಡಿದೀವಿ ಅನ್ಸತ್ತೆ ನಂಗೆ. ಇದುವರೆಗೆ ಯಾರೂ ಕಂಡಿರದ ಆಕಾರ ಅಂತ ಅಂದ್ಕೊಂಡಿದೀವಿ. ಕಸ್ಟಮ್ ಅಂದ್ರೆ ಈ ಪ್ರಶ್ನೆಗೆ, ಈ ಡೇಟಾಗೆ, ಈ ಮನುಷ್ಯರಿಗೆ ಅಳತೆ ತಗೊಂಡು ಹೊಲಿದದ್ದು. ಬಾರ್ ಚಾರ್ಟ್ ಹುಟ್ಟಿದ್ದೇ ಹಾಗೆ. 1786ರಲ್ಲಿ ವಿಲಿಯಂ ಪ್ಲೇಫೇರ್ ಅನ್ನೋ ಲೇಖಕ ತನ್ನ ಪುಸ್ತಕದಲ್ಲಿ ಇಂಗ್ಲೆಂಡಿನ ಆಮದು ರಫ್ತನ್ನೆಲ್ಲ ವರ್ಷದಿಂದ ವರ್ಷಕ್ಕೆ ಗೆರೆ ಎಳೆದು ತೋರಿಸಿದ, ಸ್ಕಾಟ್ಲೆಂಡಿನ ವಿಷಯಕ್ಕೆ ಬಂದಾಗ ಅವನ ಹತ್ರ ಇದ್ದಿದ್ದು ಒಂದೇ ವರ್ಷದ ಲೆಕ್ಕ, ಒಂದು ವರ್ಷದ ಲೆಕ್ಕಕ್ಕೆ ಏರಿಳಿತದ ಗೆರೆ ಎಲ್ಲಿಂದ ಬರ್ಬೇಕು? ಅದಕ್ಕೇ ವ್ಯಾಪಾರ ನಡೆಸ್ತಿದ್ದ ಒಂದೊಂದು ದೇಶಕ್ಕೂ ಆಮದಿಗೊಂದು ರಫ್ತಿಗೊಂದು ಅಂತ ಅಡ್ಡ ಬಾರ್ ಹಾಕಿದ. ಈಗ ಸಾಕಾಗಿದೆ ಅಂತ ನಾವು ಬೈಯೋ ಬಾರ್ ಚಾರ್ಟ್ ಅವತ್ತಿಗೆ ಕಸ್ಟಮ್ ವಿಶುವಲ್ಲೇ, ಇದ್ದ ಡೇಟಾ ಕೇಳಿದ್ದಕ್ಕೆ ಬಂದದ್ದು.

ಮೇಡಂ ಚುಕ್ಕೆಗಳಲ್ಲಿ ಇನ್ನೊಂದು ವಿಷಯ ಕಾಣಿಸ್ತು. ನಮ್ಮ ಹಳೇ ರಿಪೋರ್ಟಲ್ಲಿ ಸರಾಸರಿ ತಡ ಒಂದು ದಿನ ಅಂತ ಇತ್ತು, ದೊಡ್ಡ ಅಕ್ಷರದಲ್ಲಿ, ಒಂದೇ ಸಂಖ್ಯೆ ತೋರಿಸೋ ಕಾರ್ಡ್ ವಿಶುವಲ್ಲಲ್ಲಿ. ಹಾಳೆ ಮೇಲೆ ನೋಡಿದ್ರೆ ಒಂದು ದಿನ ತಡ ಆದ ಆರ್ಡರ್ ಹೆಚ್ಚೂಕಮ್ಮಿ ಇಲ್ಲವೇ ಇಲ್ಲ! ಹತ್ತರಲ್ಲಿ ಒಂಬತ್ತು ಪಾಲು ಗೆರೆ ಮೇಲೇ ಕೂತಿದಾವೆ, ಉಳಿದ ಕೆಲವು ಎಂಟು ಹತ್ತು ದಿನ ಆಚೆ ಒಂದು ಗುಂಪಾಗಿ ಬಿದ್ದಿದಾವೆ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ತೋರಿಸಿದ್ದು ಇಂಥದ್ದನ್ನೇ, ನಾಲ್ಕು ಡೇಟಾ ಸೆಟ್, ಒಂದೊಂದರಲ್ಲೂ 11 ಬಿಂದು, ಸರಾಸರಿ ಒಂದೇ, ಕೋರಿಲೇಶನ್ (ಎರಡು ಅಳತೆಗಳು ಎಷ್ಟು ಜೊತೆಜೊತೆಗೆ ಏರಿಳಿಯತ್ತೆ ಅನ್ನೋ ಸಂಖ್ಯೆ) ನಾಲ್ಕಕ್ಕೂ 0.816ರ ಹತ್ರ, ಚಿತ್ರ ಬರೆದ್ರೆ ಮಾತ್ರ ಒಂದಕ್ಕೊಂದು ಸಂಬಂಧಾನೇ ಇಲ್ಲ. ಓದಿದ್ದೆ, ಗೊತ್ತಿತ್ತು, ಆದ್ರೂ ನನ್ನ ರಿಪೋರ್ಟಲ್ಲಿ ಸರಾಸರಿನೇ ಹಾಕಿದ್ದೆ.

ಆ ದುಂಡಗಿನ ಚಾರ್ಟ್ ಯಾಕೆ ಸೋತಿತು ಅನ್ನೋದಕ್ಕೂ ಉತ್ತರ ಹಳೇದೇ. ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ 1984ರಲ್ಲಿ, ಕೆಲವನ್ನ ಜನರನ್ನ ಕೂರಿಸಿ ಪರೀಕ್ಷೆ ಮಾಡಿ, ಉಳಿದದ್ದನ್ನ ತರ್ಕದಿಂದ ಹೇಳಿದ್ದು, ಒಂದೇ ಅಳತೆಗೆರೆ ಮೇಲೆ ಎಲ್ಲಿದೆ ಅನ್ನೋದನ್ನ ಕಣ್ಣು ಚೆನ್ನಾಗಿ ಹಿಡಿಯತ್ತೆ, ಉದ್ದ ಮತ್ತೆ ಕೋನ ಅದಕ್ಕಿಂತ ಕಡಿಮೆ, ವಿಸ್ತೀರ್ಣ ಇನ್ನೂ ಕಡಿಮೆ, ಬಣ್ಣದ ಗಾಢತೆ ಎಲ್ಲಕ್ಕಿಂತ ಕೆಳಗೆ. ನಾನು ಕೋನ, ವಿಸ್ತೀರ್ಣ, ಬಣ್ಣ ಮೂರನ್ನೂ ಸೇರಿಸಿದ್ದೆ. ಮೇಡಂ ಮೊದಲನೇದನ್ನ ಆರಿಸ್ಕೊಂಡಿದ್ರು, ಯಾವ ಪೇಪರೂ ಓದದೇ.

ಇನ್ನು ಕೋಡ್ ಬರೆಯೋರು ಗಮನಿಸ್ಬೇಕಾದ ಎರಡು ವಿಷಯ, ನಂಗೆ ಯಾರೂ ಮೊದ್ಲೇ ಹೇಳಿರ್ಲಿಲ್ಲ. ಕೇಪಬಿಲಿಟೀಸ್ ಫೈಲಲ್ಲಿ (ವಿಶುವಲ್ಲಿಗೆ ಏನೇನು ಬೇಕು ಅಂತ ಪವರ್ ಬಿಐಗೆ ಹೇಳೋ ಫೈಲು) ನಾವಾಗೇ ಹೇಳದೇ ಇದ್ರೆ ಪವರ್ ಬಿಐ ನಮ್ಮ ವಿಶುವಲ್ಲಿಗೆ ಕೊಡೋದು ಬರೀ 1,000 ಸಾಲು, ಜಾಸ್ತಿ ಕೇಳಿದ್ರೂ ಒಂದು ಸಲಕ್ಕೆ 30,000 ದಾಟಲ್ಲ. ನನ್ನ ಚಾರ್ಟಲ್ಲಿ ಆರ್ಡರ್‌ಗಳು ಸದ್ದಿಲ್ಲದೆ ಬಿಟ್ಟುಹೋಗಿದ್ವು, ಕೆಳಗಿನ ಟೇಬಲ್ಲಿನ ಟೋಟಲ್‌ಗೆ ತಾಳೆ ಹಾಕಿದಾಗಲೇ ಗೊತ್ತಾಗಿದ್ದು. ಎರಡನೇದು, ಸರ್ಟಿಫೈಡ್ ಅಲ್ಲದ, ಅಂದ್ರೆ ಮೈಕ್ರೋಸಾಫ್ಟ್ ಪರಿಶೀಲಿಸಿ ಒಪ್ಪದ ಕಸ್ಟಮ್ ವಿಶುವಲ್, ರಿಪೋರ್ಟನ್ನ ತಾನಾಗೇ ಕಳಿಸೋ ಈಮೇಲ್ ಸಬ್‌ಸ್ಕ್ರಿಪ್ಶನ್ನಲ್ಲೂ ಬರಲ್ಲ, ಪವರ್‌ಪಾಯಿಂಟ್ ಎಕ್ಸ್‌ಪೋರ್ಟಲ್ಲೂ ಬರಲ್ಲ. ಬೆಳಿಗ್ಗೆ ಈಮೇಲಲ್ಲೇ ರಿಪೋರ್ಟ್ ನೋಡೋ ಜನಕ್ಕೆ ನನ್ನ ಮೂರು ವಾರದ ಕೆಲಸ ಕಾಣಿಸ್ತಾನೇ ಇರ್ಲಿಲ್ಲ. ಅವರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಹೊಸದನ್ನ ಡೆನೆಬ್ಬಲ್ಲಿ ಮಾಡಿದೆ, ಪವರ್ ಬಿಐ ಒಳಗೇ ನಮಗೆ ಬೇಕಾದ ಚಾರ್ಟ್ ಬರೆಯೋಕೆ ಇರೋ ವಿಶುವಲ್ ಅದು. ಅದು ಸರ್ಟಿಫೈಡ್, ಚಾರ್ಟನ್ನ ವಿವರಿಸೋ ವೇಗಾ-ಲೈಟ್ ಅನ್ನೋ ಭಾಷೇಲಿ ಏನು ಬೇಕು ಅಂತ ಬರೆದ್ರೆ ಸಾಕು, ನಾಳೆ ನಾನು ಬೇರೆ ಕಡೆ ಹೋದ್ರೂ ಇನ್ನೊಬ್ರು ಓದಿ ತಿದ್ದಬಹುದು. ಒಂದು ಸಂಜೆ ಹಿಡೀತು. ಮಧ್ಯೆ ಗೆರೆ, ಎಡಬಲಕ್ಕೆ ಚುಕ್ಕೆ. ತಡ ಆದದ್ದಕ್ಕೆ ಕೆಂಪು, ಸರಿಯಾದದ್ದಕ್ಕೆ ಹಸಿರು ಹಾಕ್ಲಿಲ್ಲ, ಕೆಂಪು ಹಸಿರಿನ ವ್ಯತ್ಯಾಸ ಕಾಣದೇ ಇರೋರು ಎಷ್ಟೋ ಜನ ಇರ್ತಾರೆ, ಬೂದು ಮತ್ತೆ ಗಾಢ ಕಿತ್ತಳೆ ಸಾಕಾಯ್ತು. ಚುಕ್ಕೆ ಒತ್ತಿದ್ರೆ ಆ ಆರ್ಡರ್ ಪಕ್ಕದ ಟೇಬಲ್ಲಲ್ಲಿ ಬರತ್ತೆ, ಫೋನ್ ನಂಬರ್ ಸಮೇತ.

ತೋರಿಸಿದ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ ಸ್ಕ್ರೀನ್ ಹತ್ರ ಬಗ್ಗಿ ಒಂದು ಚುಕ್ಕೆ ಮೇಲೆ ಬೆರಳಿಟ್ಟು "ಇದು ಗೆರೆ ಮೇಲೆ ಹೇಗೆ ಬಂತು? ಇದು ಒಂಬತ್ತು ದಿನ ತಡ ಆಗಿದ್ದು" ಅಂದ್ರು. ಹುಡುಕಿದ್ರೆ ಆ ಆರ್ಡರಿನ ಡೆಲಿವರಿ ತಾರೀಖನ್ನ ಮಧ್ಯದಲ್ಲಿ ಮುಂದಕ್ಕೆ ಹಾಕಿದಾರೆ, ಹಾಗೆ ಹಾಕಿದಾಗ ಮೊದಲು ಕೊಟ್ಟಿದ್ದ ತಾರೀಖು ಸಿಸ್ಟಮ್ಮಲ್ಲಿ ಉಳಿಯೋದೇ ಇಲ್ಲ, ಅದರ ಮೇಲೇ ಹೊಸದು ಬಂದು ಕೂರತ್ತೆ. ಮೇಡಂ ಇಷ್ಟು ದಿನ ಮೊದಲ ತಾರೀಖುಗಳನ್ನ ತಮ್ಮ ನೋಟ್‌ಬುಕ್ಕಲ್ಲಿ ಬರ್ಕೊಂಡು ಅದರ ಪ್ರಕಾರ ಚುಕ್ಕೆ ಇಡ್ತಿದ್ರಂತೆ. ಈಗ ಆ ಹಳೇ ತಾರೀಖನ್ನ ಉಳಿಸ್ಕೊಳ್ಳೋಕೆ ಬೇರೆ ಕಾಲಂ ಬೇಕು ಅಂತ ಡೇಟಾ ಟೀಮ್ ಜೊತೆ ಕೂತಿದೀವಿ. ಅದು ಬರೋವರೆಗೂ ಚಾರ್ಟಿನ ಗೆರೆ ಪಕ್ಕ "ಬದಲಾಯಿಸಿದ ತಾರೀಖಿನ ಪ್ರಕಾರ" ಅಂತ ಬರೆದು ಹಾಕಿದೀನಿ, ಮೇಡಂ ನೋಟ್‌ಬುಕ್ಕಲ್ಲಿ ಬರೆಯೋದನ್ನ ಇನ್ನೂ ನಿಲ್ಲಿಸಿಲ್ಲ.